ಇವಾನ್ ಪಾವ್ಲೊವ್
ರಷ್ಯದ ರ್ಯಾಜಾನ್ ನಗರದ ಪಾದ್ರಿಯೊಬ್ಬರ ಮಗನಾಗಿ 1849ರಲ್ಲಿ ಜನಿಸಿದ ಇವಾನ್ ಪೆಟ್ರೊವಿಚ್ ಪಾವ್ಲೊವ್ ಅವರು ದೇವತಾಶಾಸ್ತ್ರದ ವ್ಯಾಸಂಗವನ್ನು ತೊರೆದು, 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ ಶರೀರಕ್ರಿಯಾಶಾಸ್ತ್ರಕ್ಕೆ ಒಲಿದರು. ಜೀರ್ಣಕ್ರಿಯೆಯನ್ನು ಕುರಿತ ಅವರ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಅವರ ಕೀರ್ತಿಯನ್ನು ಉಳಿಸಿದ್ದು ಆ ಸಂಶೋಧನೆಗೆ ಅಡ್ಡಿಯೆನಿಸಿದ್ದ ಸಂಗತಿ: ಉಣಿಸುವವನನ್ನು ಕಂಡೊಡನೆಯೇ ನಾಯಿ ಜೊಲ್ಲು ಸುರಿಸುತ್ತಿತ್ತು. ಆಹಾರಕ್ಕೆ ಮುನ್ನ ಮೆಟ್ರೊನೋಮ್ ಯಂತ್ರದ ಸದ್ದನ್ನು ಮತ್ತೆ ಮತ್ತೆ ಕೇಳಿಸಿದಾಗ ಸದ್ದೊಂದೇ ಜೊಲ್ಲಿಗೆ ಸಾಕಾಯಿತು. ಆಹಾರವಿಲ್ಲದೆ ಸದ್ದನ್ನಷ್ಟೇ ಮುಂದುವರಿಸಿದಾಗ ಜೊಲ್ಲು ಕ್ರಮೇಣ ಬತ್ತಿತು.

ಈ ಗುಣ ನಾಯಿಗಷ್ಟೇ ಸೀಮಿತವಲ್ಲ. ನಾಗಪುರದ ಕಿತ್ತಳೆಯನ್ನು ಸವಿದವರಿಗೆ ಅದರ ಸಿಪ್ಪೆಯ ಪರಿಮಳದಿಂದಲೇ ಬಾಯಲ್ಲಿ ನೀರೂರುತ್ತದೆ. ಎಂದೂ ತಿನ್ನದವರಿಗೆ ಅದು ಬರಿಯ ಪರಿಮಳ.

ಕಲಿಕೆಯಿಂದ ಬಂದ ಈ ಪ್ರತಿವರ್ತನೆಗೆ ಪಾವ್ಲೊವ್ ಇಟ್ಟ ರಷ್ಯನ್ ಹೆಸರಿನ ಅರ್ಥ ಷರತ್ತಿಗೆ ಒಳಪಟ್ಟದ್ದು ಎಂದು. ಇಂಗ್ಲಿಷಿಗೆ ಬಂದಾಗ ಅದು ಪಳಗಿಸಿದ್ದು ಎಂಬ ಛಾಯೆಯನ್ನು ಪಡೆಯಿತು. ನಮ್ಮ ಶಾಸ್ತ್ರೀಯ ಅನುಬಂಧನವೆಂಬ ಪದವು ನಂಟನ್ನು ಹೇಳುತ್ತದೆ, ಷರತ್ತನ್ನು ಹೇಳದು. ಸದ್ದು ಆಹಾರದ ಸೂಚನೆಯಾಗಿ ಉಳಿಯುವವರೆಗೆ ಮಾತ್ರ ಆ ನಂಟಿಗೆ ಬಲವೆಂಬುದೇ ಪಾವ್ಲೊವ್ ಕಂಡ ಸತ್ಯ. 1936ರಲ್ಲಿ ಲೆನಿನ್‌ಗ್ರಾಡಿನಲ್ಲಿ ತೀರಿಕೊಳ್ಳುವ ತನಕ ಅವರು ಅದರ ಶೋಧದಲ್ಲೇ ನಿರತರಾಗಿದ್ದರು. ಪಾರಿಭಾಷಿಕ ಪದವನ್ನು ಟಂಕಿಸುವವರು ಆ ಷರತ್ತನ್ನು ಮರೆಯಲಾಗದು.