ಭೂಪ್ರದಕ್ಷಿಣೆಯ ಕಥೆಗಾರ ಜೂಲ್ಸ್ ವರ್ನ್

ಕೆಲವು ಕೃತಿಗಳು ತಮ್ಮ ಕರ್ತೃವಿಗಿಂತ ಹೆಚ್ಚು ಪ್ರಸಿದ್ಧವಾಗುತ್ತವೆ. ಕಥೆ ಎಲ್ಲರ ಬಾಯಲ್ಲಿ ನೆಲೆಸುತ್ತದೆ; ಅದನ್ನು ಬರೆದವನ ಬಾಳು ಮಾತ್ರ ಮರೆವಿಗೆ ಸಲ್ಲುತ್ತದೆ. ಎಂಬತ್ತು ದಿನಗಳಲ್ಲಿ ಭೂಮಂಡಲವನ್ನು ಸುತ್ತಿ ಬಂದ ಫಿಲಿಯಾಸ್ ಫಾಗ್‌ನ ಕಥೆ ಅಂತಹುದು. 2004ರಲ್ಲಿ ಫ್ರಾಂಕ್ ಕೊರಾಚಿ ಎಂಬ ನಿರ್ದೇಶಕನು ಅದನ್ನು ಹಾಸ್ಯಪ್ರಧಾನವಾದ ಸಾಹಸ ಚಲನಚಿತ್ರವಾಗಿ ಮತ್ತೊಮ್ಮೆ ತೆರೆಗೆ ತಂದನು. ಹಾಂಗ್‌ಕಾಂಗ್‌ನ ಸುಪ್ರಸಿದ್ಧ ನಟ ಜಾಕಿ ಚಾನ್ ಅದರಲ್ಲಿ ಸೇವಕ ಪಾಸ್‌ಪಾರ್ಟೂವಿನ ಪಾತ್ರವನ್ನು ವಹಿಸಿದನು. ಆ ಚಿತ್ರವನ್ನು ಕಂಡು ನಕ್ಕ ಎಳೆಯರಲ್ಲಿ ಅನೇಕರಿಗೆ ಅದರ ಹಿಂದೆ 1872ರಲ್ಲಿ ರಚಿತವಾದ ಒಂದು ಫ್ರೆಂಚ್ ಕಾದಂಬರಿಯಿದೆ ಎಂಬುದಾಗಲಿ, ಆ ಕಾದಂಬರಿಯ ಕರ್ತೃವಿಗೂ ನಮ್ಮ ದೇಶಕ್ಕೂ ಒಂದು ವಿಚಿತ್ರವಾದ ಭಾವಸಂಬಂಧವಿತ್ತು ಎಂಬುದಾಗಲಿ ತಿಳಿಯದು. ಆ ಮಹನೀಯನ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಜೂಲ್ಸ್ ವರ್ನನು 1828ರ ಫೆಬ್ರವರಿ 8ರಂದು ಫ್ರಾನ್ಸ್ ದೇಶದ ನಾಂಟ್ ನಗರದಲ್ಲಿ ಜನಿಸಿದನು. ಲ್ವಾರ್ ನದಿಯ ಮೇಲಿರುವ ಆ ನಗರವು ಅಂದು ಹಡಗುಗಳ ತಂಗುದಾಣ. ತಂದೆ ಪಿಯರ್ ವರ್ನ್ ನ್ಯಾಯವಾದಿ; ತಾಯಿ ಸೋಫಿ ನಾವಿಕರ ಹಾಗೂ ಹಡಗಿನೊಡೆಯರ ಮನೆತನಕ್ಕೆ ಸೇರಿದವಳು. ಐವರು ಮಕ್ಕಳಲ್ಲಿ ಜೂಲ್ಸನೇ ಹಿರಿಯ. ಬಾಲಕನಾಗಿದ್ದಾಗ ಅವನು ಮನೆಯವರ ಕಣ್ಣು ತಪ್ಪಿಸಿ ಹಡಗೇರಿದನೆಂದೂ ತಂದೆಯು ಬೆನ್ನಟ್ಟಿ ಕರೆತಂದನೆಂದೂ ಒಂದು ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಈಚಿನ ಜೀವನಚರಿತ್ರಕಾರರು ಅದನ್ನು ನಂಬುವುದಿಲ್ಲ. ಕಥೆ ಸುಳ್ಳಾದರೂ ಅದು ಹುಟ್ಟಿಕೊಂಡುದಕ್ಕೆ ಕಾರಣವುಂಟು. ಸಮುದ್ರದ ಹಂಬಲವು ಅವನನ್ನು ಕಡೆಯವರೆಗೂ ಬಿಡಲಿಲ್ಲ. ತಮ್ಮ ಪಾಲ್ ನೌಕಾಪಡೆಯನ್ನು ಸೇರಿದನು. ಅಣ್ಣನಿಗೆ ದೊರೆತುದು ಕಾಗದದ ಕಡಲು.

ತಂದೆಯ ಇಚ್ಛೆಯಂತೆ ವರ್ನನು ಪ್ಯಾರಿಸ್ಸಿಗೆ ಹೋಗಿ ಕಾನೂನನ್ನು ಅಭ್ಯಾಸ ಮಾಡಿ ಪದವಿಯನ್ನೂ ಪಡೆದನು. ಆದರೆ ಮನಸ್ಸು ನಿಂತದ್ದು ರಂಗಭೂಮಿಯಲ್ಲಿ. ಹಿರಿಯ ಕಾದಂಬರಿಕಾರನಾದ ಅಲೆಕ್ಸಾಂಡರ್ ಡ್ಯೂಮಾನ ಪರಿಚಯವಾಯಿತು. ಅವನ ರಂಗಮಂದಿರದಲ್ಲಿಯೇ 1850ರಲ್ಲಿ ವರ್ನನ ಮೊದಲ ಪ್ರಹಸನ ಪ್ರಯೋಗಗೊಂಡಿತು. ನಾಂಟ್‌ನಲ್ಲಿ ಸಿದ್ಧವಾಗಿದ್ದ ವಕೀಲಿ ವೃತ್ತಿಯನ್ನು ವಹಿಸಿಕೊಳ್ಳೆಂದು ತಂದೆಯು ಕರೆದಾಗ, 1852ರಲ್ಲಿ, ಅವನು ವಿನಯದಿಂದಲೇ ನಿರಾಕರಿಸಿದನು. ನಾಟಕಶಾಲೆಯ ಕಾರ್ಯದರ್ಶಿಯಾಗಿ ಅಲ್ಪವೇತನದಲ್ಲಿ ದುಡಿದನು. 1857ರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದ ಒನೊರಿನ್ ಎಂಬ ವಿಧವೆಯನ್ನು ವರಿಸಿದನು. ಸಂಸಾರ ನಿರ್ವಹಣೆಗಾಗಿ ಷೇರುಪೇಟೆಯ ದಲ್ಲಾಳಿಯಾದನು. ಬೆಳಗಿನ ಹೊತ್ತು ಬರವಣಿಗೆ, ಹಗಲು ಷೇರುಪೇಟೆ, ಬಿಡುವಿನಲ್ಲಿ ರಾಷ್ಟ್ರೀಯ ಗ್ರಂಥಾಲಯದ ಓದು ಇದು ಅವನ ದಿನಚರಿ. ಭೂಗೋಳ, ಖಗೋಳ, ನೌಕಾವಿದ್ಯೆ, ಯಂತ್ರಶಾಸ್ತ್ರಗಳಿಗೆ ಸಂಬಂಧಿಸಿದ ಟಿಪ್ಪಣಿಗಳನ್ನು ಅವನು ವರ್ಷಾನುಗಟ್ಟಲೆ ಕೂಡಿಡುತ್ತ ಬಂದನು.

ಆ ಸಂಚಯಕ್ಕೆ ಫಲ ದೊರೆತುದು ಮೂವತ್ತೈದನೆಯ ವಯಸ್ಸಿನಲ್ಲಿ. ಪ್ರಕಾಶಕ ಪಿಯರ್ ಜೂಲ್ಸ್ ಹೆಟ್ಜೆಲ್ 1863ರ ಜನವರಿಯಲ್ಲಿ ಅವನ ‘ಬಲೂನಿನಲ್ಲಿ ಐದು ವಾರ’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದು ಜನಪ್ರಿಯವಾಯಿತು. ಮುಂದೆ ಹೆಟ್ಜೆಲ್ ಎಳೆಯರ ಶಿಕ್ಷಣ ಮತ್ತು ವಿನೋದಗಳಿಗೆಂದು ಆರಂಭಿಸಿದ ಪತ್ರಿಕೆಗೆ ವರ್ನನೇ ಪ್ರಧಾನ ಲೇಖಕನಾದನು. ಭೂಗರ್ಭಯಾತ್ರೆ 1864ರಲ್ಲಿ, ಚಂದ್ರಲೋಕದ ಕಥೆ 1865ರಲ್ಲಿ, ಸಾಗರಗರ್ಭದ ಕಥೆ 1869-70ರಲ್ಲಿ ಹೊರಬಂದವು. ಹೆಟ್ಜೆಲ್ ಉಪಕಾರಿಯಾದಂತೆಯೇ ಕಠಿಣ ಪರೀಕ್ಷಕನೂ ಆಗಿದ್ದನು. ಯಂತ್ರಗಳು ಮೆರೆದು ಕಾವ್ಯವು ಅಳಿದ ಭವಿಷ್ಯದ ಪ್ಯಾರಿಸ್ಸನ್ನು ಚಿತ್ರಿಸುವ ಒಂದು ಹಸ್ತಪ್ರತಿಯನ್ನು ಅವನು ತಿರಸ್ಕರಿಸಿದನು. ಆ ವಿಷಣ್ಣ ಕೃತಿ ಪೆಟ್ಟಿಗೆಯನ್ನು ಸೇರಿ, 1989ರಲ್ಲಿ ಮರಿಮೊಮ್ಮಗನ ಕೈಗೆ ಸಿಕ್ಕಿ, 1994ರಲ್ಲಿ ಅಚ್ಚಾಯಿತು. ವರ್ನನನ್ನು ವಿಜ್ಞಾನದ ಮುಗ್ಧ ಸ್ತುತಿಪಾಠಕನೆಂದು ಭಾವಿಸಿದ್ದವರಿಗೆ ಅದು ಬೇರೊಬ್ಬ ವರ್ನನನ್ನು ತೋರಿಸಿತು.

ನಾಯಕ ನೀಮೋವಿನ ವಿಷಯದಲ್ಲಿ ನಡೆದುದು ಇನ್ನೂ ಸ್ವಾರಸ್ಯಕರವಾದುದು. ಜಲಾಂತರ್ನೌಕೆಯ ಒಡೆಯನಾದ ಆ ಪ್ರತೀಕಾರಿಯನ್ನು ವರ್ನನು ಮೊದಲು ರಷ್ಯನ್ ದಬ್ಬಾಳಿಕೆಗೆ ಸಿಕ್ಕಿ ಸಂಸಾರವನ್ನು ಕಳೆದುಕೊಂಡ ಪೋಲೆಂಡಿನ ಸರದಾರನೆಂದು ಕಲ್ಪಿಸಿಕೊಂಡಿದ್ದನು. ರಷ್ಯದಲ್ಲಿ ಪುಸ್ತಕವ್ಯಾಪಾರ ಕೆಡುವುದೆಂದು ಹೆಟ್ಜೆಲ್ ಒಪ್ಪಲಿಲ್ಲ. ನೀಮೋ ಹೆಸರಿಲ್ಲದವನಾಗಿ, ದೇಶವಿಲ್ಲದವನಾಗಿ ಉಳಿದನು. 1874-75ರಲ್ಲಿ ಬಂದ ‘ನಿಗೂಢ ದ್ವೀಪ’ದಲ್ಲಿ ವರ್ನನು ಅವನಿಗೆ ಒಂದು ನಾಡನ್ನು ಕೊಟ್ಟನು, ಆ ನಾಡು ಭಾರತ. ನೀಮೋ ಬುಂದೇಲಖಂಡದ ರಾಜನ ಮಗ, ಡಕ್ಕರ್ ಎಂಬ ಹೆಸರಿನ ರಾಜಕುಮಾರ. 1857ರ ದಂಗೆಯಲ್ಲಿ ಹೋರಾಡಿ ಸರ್ವಸ್ವವನ್ನೂ ಕಳೆದುಕೊಂಡವನು. ಅಷ್ಟೇ ಅಲ್ಲ, ಅವನು ಟಿಪ್ಪು ಸುಲ್ತಾನನ ಸೋದರ ಸಂಬಂಧದ ಮಗನೆಂದೂ ಗ್ರಂಥಕರ್ತನು ಹೇಳುತ್ತಾನೆ. ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಮಡಿದುದು 1799ರಲ್ಲಿ. ವರ್ನನ ಲೆಕ್ಕದಲ್ಲಿ ಡಕ್ಕರ್ ಹುಟ್ಟಿದ್ದು ಅದಕ್ಕೆ ಇಪ್ಪತ್ತು ವರ್ಷಗಳ ಅನಂತರ. ಬುಂದೇಲಖಂಡದ ಅರಸುಮನೆಗೂ ಮೈಸೂರಿಗೂ ಈ ನಂಟನ್ನು ಇತಿಹಾಸ ಒಪ್ಪದು. ಆದರೂ ಭಾರತವನ್ನು ಎಂದೂ ಕಾಣದ ಫ್ರೆಂಚ್ ಲೇಖಕನೊಬ್ಬನಿಗೆ, ಬ್ರಿಟಿಷರಿಗೆ ತಲೆಬಾಗದ ವೀರನ ವಂಶ ಬೇಕಾದಾಗ ನಮ್ಮ ಕನ್ನಡನಾಡಿನ ನೆನಪು ಬಂದಿತೆಂಬುದು ಗಮನಾರ್ಹ. ಅಂದಿನ ಇಂಗ್ಲಿಷ್ ಅನುವಾದವು ನೀಮೋ ಬ್ರಿಟಿಷರ ಮೇಲೆ ಹೊರಿಸಿದ ಆಪಾದನೆಗಳನ್ನು ಮೆದುಗೊಳಿಸಿ ಬದಲಿಸಿಬಿಟ್ಟಿತು. ಇಂಗ್ಲಿಷಿನ ಮೂಲಕವೇ ವರ್ನನನ್ನು ಓದಿದ ಭಾರತೀಯರ ತಲೆಮಾರುಗಳಿಗೆ, ಅವರಿಗಾಗಿಯೇ ಬರೆದಂತಿದ್ದ ಪುಟಗಳು ಯಥಾವತ್ತಾಗಿ ತಲಪಲಿಲ್ಲ.

ಈಗ ಭೂಪ್ರದಕ್ಷಿಣೆಯ ಕಾದಂಬರಿಗೆ ಬರೋಣ. 1871ರಲ್ಲಿ ವರ್ನನು ಪತ್ನಿಯ ತವರಾದ ಅಮಿಯನ್ಸ್ ನಗರದಲ್ಲಿ ನೆಲೆಸಿದನು. ಫ್ರಾನ್ಸ್ ಯುದ್ಧದಲ್ಲಿ ಸೋತು ಬಸವಳಿದಿದ್ದ ಕಾಲವದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಿತ್ತು. ಅದೇ ವರ್ಷ ಅಮೆರಿಕೆಯ ಎರಡು ಕರಾವಳಿಗಳನ್ನು ಉಗಿಬಂಡಿ ಬೆಸೆದಿತ್ತು. 1870ರಲ್ಲಿ ಮುಂಬಯಿ ಕಲ್ಕತ್ತೆಗಳ ನಡುವೆ ರೈಲುದಾರಿ ಕೂಡಿಕೊಂಡಿತ್ತು. ಈ ಮೂರೂ ಸೇರಿ ಭೂಮಿ ಕಿರಿದಾಗಿದೆಯೆಂಬ ಭಾವನೆ ಎಲ್ಲೆಡೆ ಹಬ್ಬಿತ್ತು. ಅದನ್ನೇ ವರ್ನನು ಕಥೆಯಾಗಿಸಿದನು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಸದಸ್ಯ ಫಾಗ್ 20,000 ಪೌಂಡುಗಳ ಪಣವೊಡ್ಡಿ 1872ರ ಅಕ್ಟೋಬರ್ 2ರಂದು ಹೊರಡುತ್ತಾನೆ. ಡಿಸೆಂಬರ್ 21ಕ್ಕೆ ಹಿಂದಿರುಗಬೇಕು. ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಮುಗಿದುದು ಅದೇ ವರ್ಷದ ಡಿಸೆಂಬರ್ 22ರಂದು. ಓದುಗನ ಪಂಚಾಂಗವೂ ನಾಯಕನ ಪಂಚಾಂಗವೂ ಒಂದೇ ಆಗಿದ್ದವು.

ಭಾರತಕ್ಕೆ ಈ ಕಥೆಯಲ್ಲಿ ಹಿರಿಯ ಸ್ಥಾನವಿದೆ. ನಿಜವಾಗಿ ಪೂರ್ಣಗೊಂಡಿದ್ದ ರೈಲುದಾರಿಯಲ್ಲಿ ವರ್ನನು ಬೇಕೆಂದೇ ಐವತ್ತು ಮೈಲಿಗಳ ಕಂದರವೊಂದನ್ನು ಕಲ್ಪಿಸಿದನು. ಆ ಕಂದರದಿಂದಲೇ ಕಥೆಗೆ ಜೀವ ಬಂದಿತು. ಫಾಗ್ ಅಲ್ಲಿ ಆನೆಯನ್ನು 2,000 ಪೌಂಡು ಕೊಟ್ಟು ಕೊಳ್ಳುತ್ತಾನೆ; ಕಾಡಿನಲ್ಲಿ, ಮುದಿ ರಾಜನ ಚಿತೆಯೊಡನೆ ಸುಡಲು ಒಯ್ಯುತ್ತಿದ್ದ ಔದಾ ಎಂಬ ತರುಣಿಯನ್ನು ಕಾಣುತ್ತಾನೆ. ಅವಳನ್ನು ಉಳಿಸಿದವನು ಪಾಸ್‌ಪಾರ್ಟೂ. ಅವನು ಕತ್ತಲಲ್ಲಿ ಚಿತೆಯೇರಿ, ಸತ್ತ ರಾಜನೇ ಎದ್ದು ಬಂದನೆಂದು ಜನ ನಡುಗುವಂತೆ, ಅವಳನ್ನೆತ್ತಿಕೊಂಡು ಹೊಗೆಯ ನಡುವೆ ನಡೆದುಬಿಡುತ್ತಾನೆ. ಮುಂಬಯಿಯ ಪಾರ್ಸಿ ವರ್ತಕನ ಮಗಳನ್ನು ಬುಂದೇಲಖಂಡದ ಅರಸನಿಗೆ ಕೊಟ್ಟುದೂ, 1829ರಲ್ಲಿಯೇ ನಿಷೇಧಕ್ಕೊಳಗಾಗಿದ್ದ ಸತೀಪದ್ಧತಿಯನ್ನು ಕಥೆಯ ತಿರುವಾಗಿ ಬಳಸಿದುದೂ ಪುಸ್ತಕಗಳಿಂದ ಮಾತ್ರ ನಮ್ಮನ್ನು ಬಲ್ಲವನ ಕಲ್ಪನೆಗಳು. ಆದರೆ ಕಾಲವನ್ನು ಕೂದಲೆಳೆಯಂತೆ ಅಳೆಯುವ ಫಾಗ್ ಒಂದು ಪ್ರಾಣಕ್ಕಾಗಿ ತನ್ನ ಹನ್ನೆರಡು ಗಂಟೆಗಳನ್ನು ವ್ಯಯಮಾಡಲು ಒಪ್ಪಿದ ಕ್ಷಣವೇ ಅವನು ಯಂತ್ರದಿಂದ ಮನುಷ್ಯನಾದ ಕ್ಷಣ.

ಕಥೆಯ ಕೊನೆಯ ತಿರುವನ್ನು ನಮ್ಮ ಭೂಗೋಳದ ಅಧ್ಯಾಪಕರು ತರಗತಿಗೆ ಒಯ್ಯಬಹುದು. ಪೂರ್ವಾಭಿಮುಖವಾಗಿ ಸಾಗುವವನಿಗೆ ಒಂದೊಂದು ರೇಖಾಂಶಕ್ಕೂ ಸೂರ್ಯನು ನಾಲ್ಕು ನಿಮಿಷ ಬೇಗ ಉದಯಿಸುತ್ತಾನೆ. 360 ರೇಖಾಂಶಗಳಿಗೆ 1,440 ನಿಮಿಷ, ಅಂದರೆ ಒಂದು ಇಡೀ ದಿನ. ಸೋತೆನೆಂದು ತಿಳಿದಿದ್ದ ಫಾಗ್ ಆ ದಿನದ ಬಲದಿಂದ ಗೆಲ್ಲುತ್ತಾನೆ. 1873ರಲ್ಲಿ ಪ್ಯಾರಿಸ್ಸಿನ ಭೂಗೋಳ ಸಂಘದಲ್ಲಿ ವರ್ನನೇ ಈ ವಿಷಯವಾಗಿ ಉಪನ್ಯಾಸ ಮಾಡಿದನು. ಗೆದ್ದ ಹಣದ ಬಹುಭಾಗವು ದಾರಿಯಲ್ಲಿಯೇ ವೆಚ್ಚವಾಗಿತ್ತು. ಫಾಗ್‌ಗೆ ನಿಜವಾಗಿ ಲಭಿಸಿದವಳು ಔದಾ.

ಈ ಕಾದಂಬರಿಯನ್ನು ಮೊದಲು ವಿನೋದದೃಶ್ಯವಾಗಿ ಮಾರ್ಪಡಿಸಿದವನು ಸ್ವತಃ ವರ್ನನೇ. ನಾಟಕಕಾರ ಡೆನ್ನೆರಿಯೊಡಗೂಡಿ ಅವನು ರಚಿಸಿದ ರೂಪಾಂತರವು 1874ರ ನವೆಂಬರಿನಲ್ಲಿ ಪ್ಯಾರಿಸ್ಸಿನ ರಂಗವನ್ನೇರಿ ನೂರಾರು ಪ್ರಯೋಗಗಳನ್ನು ಕಂಡಿತು. ಅವನಿಗೆ ಸಂಪತ್ತನ್ನು ತಂದಿತು. ಅನಂತರ ಚಲನಚಿತ್ರಗಳು ಬಂದವು. 1956ರಲ್ಲಿ ಮೈಕೇಲ್ ಟಾಡ್ ನಿರ್ಮಿಸಿದ ವೈಭವದ ಚಿತ್ರವು ಐದು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಅದರಲ್ಲಿ ಮೆಕ್ಸಿಕೋದ ಹಾಸ್ಯನಟ ಕಾಂತಿನ್‌ಫ್ಲಾಸ್ ಸೇವಕನಾದನು. ಕಾದಂಬರಿಯಲ್ಲಿಲ್ಲದ ಬಲೂನಿನ ಪ್ರಯಾಣವನ್ನು ಲೋಕದ ಮನಸ್ಸಿನಲ್ಲಿ ಫಾಗ್‌ನೊಡನೆ ಬೆಸೆದುದೂ ಆ ಚಿತ್ರವೇ.

2004ರ ಚಿತ್ರ ಇನ್ನೂ ದೂರ ಸರಿಯಿತು. ಅದರಲ್ಲಿ ಸ್ಟೀವ್ ಕೂಗನ್ ಅಭಿನಯಿಸಿದ ಫಾಗ್ ಒಬ್ಬ ತಬ್ಬಿಬ್ಬು ಸಂಶೋಧಕ. ಪಾಸ್‌ಪಾರ್ಟೂ ಎಂಬುದು ಕಪಟನಾಮ. ಅವನು ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ತನ್ನ ಹಳ್ಳಿಯ ಪಚ್ಚೆಬುದ್ಧನ ವಿಗ್ರಹವನ್ನು ಮರಳಿ ಒಯ್ಯುತ್ತಿರುವ ಚೀನೀಯ ಲಾವ್ ಶಿಂಗ್. ಸುಮಾರು ಹನ್ನೊಂದು ಕೋಟಿ ಡಾಲರುಗಳ ವೆಚ್ಚದಲ್ಲಿ ತಯಾರಾದ ಆ ಚಿತ್ರ ಹಾಕಿದ ಹಣವನ್ನು ಹಿಂದಿರುಗಿಸಲಿಲ್ಲ. ವಿಮರ್ಶಕರಲ್ಲಿ ಅನೇಕರು ಮೂಲಕ್ಕೆ ದ್ರೋಹವಾಯಿತೆಂದರು. ಈ ತೀರ್ಮಾನವು ಅರ್ಧ ಮಾತ್ರ ನ್ಯಾಯವಾದುದು. ವರ್ನನ ಪಾಸ್‌ಪಾರ್ಟೂ ಹಿಂದೆ ಸರ್ಕಸ್ಸಿನಲ್ಲಿ ಕುದುರೆಯೇರಿದವನು, ಹಗ್ಗದ ಮೇಲೆ ನಡೆದವನು, ಅಂಗಸಾಧನೆಯನ್ನು ಕಲಿಸಿದವನು. ಯೊಕೊಹಾಮದಲ್ಲಿ ಅವನು ದೊಂಬರಾಟದ ಮಾನವಗೋಪುರಕ್ಕೆ ಬುಡವಾಗಿ ನಿಂತು, ಯಜಮಾನನನ್ನು ಕಂಡೊಡನೆ ಓಡಿ, ಗೋಪುರವನ್ನೇ ಉರುಳಿಸುತ್ತಾನೆ. ಅಮೆರಿಕೆಯಲ್ಲಿ ಓಡುವ ರೈಲಿನಡಿ ತೆವಳಿ ಬಂಡಿಗಳ ಕೊಂಡಿಯನ್ನು ಕಳಚುತ್ತಾನೆ. ಬಾಲ್ಯದಿಂದ ಚೀನೀ ಗೀತನಾಟಕದ ಶಾಲೆಯಲ್ಲಿ ಅಂಗಸಾಧನೆ ಪಡೆದ ಜಾಕಿ ಚಾನ್ ಈ ಪಾತ್ರಕ್ಕೆ ಹೊರಗಿನವನಲ್ಲ. ಸೇವಕನೇ ಕಥೆಯ ನಿಜವಾದ ಕರ್ತೃಶಕ್ತಿಯೆಂಬುದನ್ನು ಆ ಚಿತ್ರ ಸರಿಯಾಗಿಯೇ ಕಂಡಿತು.

ನಷ್ಟವಾದುದು ಬೇರೆಡೆಯಲ್ಲಿ. ಔದಾಳನ್ನು ಅಳಿಸಿ ಫ್ರೆಂಚ್ ಚಿತ್ರಕಾರಿಣಿಯೊಬ್ಬಳನ್ನು ತಂದುದರಿಂದ, ಚಿತೆಯ ಪ್ರಸಂಗ ಹೋಯಿತು. ಫಾಗ್ ತನ್ನ ಪಣವನ್ನು ಮರೆತು ಮತ್ತೊಬ್ಬರ ಪ್ರಾಣವನ್ನು ನೆನೆದ ಆ ರಾತ್ರಿ ಹೋಯಿತು. ನಗೆ ಉಳಿಯಿತು, ನಗೆಯೊಡನೆ ಇದ್ದ ಅಪಾಯ ಉಳಿಯಲಿಲ್ಲ. ವರ್ನನಲ್ಲಿ ಇವೆರಡೂ ಒಂದೇ ಕೊಂಡಿಯಲ್ಲಿ ನಡೆಯುತ್ತವೆ.

ಕೀರ್ತಿಯ ನಡುವೆಯೂ ವರ್ನನ ಉತ್ತರಜೀವನ ಸುಖಮಯವಾಗಿರಲಿಲ್ಲ. ಒಬ್ಬನೇ ಮಗ ಮಿಷೆಲ್ ಹಟಮಾರಿ. ತಂದೆ ಅವನನ್ನು ಶಿಸ್ತಿನ ಸಂಸ್ಥೆಗೆ ಸೇರಿಸಿ, 1878ರಲ್ಲಿ ಭಾರತದ ಕಡೆಗೆ ಹೊರಟ ಹಡಗಿನಲ್ಲಿ ಕಳುಹಿಸಿದನು. ತಂದೆಯ ಮಾತು ಮೀರಿ ತನ್ನ ದಾರಿ ಹಿಡಿದವನೇ ತನ್ನ ಮಗನಿಗೆ ಅದನ್ನು ಸುಲಭವಾಗಿ ಕ್ಷಮಿಸಲಾರದೆ ಹೋದನು. 1886ರ ಮಾರ್ಚ್ 9ರಂದು, ತಮ್ಮನ ಮಗ ಗಾಸ್ಟನ್ ಬುದ್ಧಿವಿಕಲ್ಪಕ್ಕೊಳಗಾಗಿ ಪಿಸ್ತೂಲಿನಿಂದ ಗುಂಡು ಹಾರಿಸಿದನು. ಗುಂಡು ಕಾಲಿಗೆ ತಗುಲಿ ವರ್ನನು ಜೀವಮಾನವಿಡೀ ಕುಂಟುವಂತಾಯಿತು. ಎಂಟು ದಿನಗಳಲ್ಲಿ ಹೆಟ್ಜೆಲ್ ತೀರಿಕೊಂಡನು. ಮರುವರ್ಷ ತಾಯಿ ಅಗಲಿದಳು. ಪ್ರೀತಿಯ ವಿಹಾರನೌಕೆಯನ್ನು ಅವನು ಆಗಲೇ ಮಾರಿದ್ದನು. ಕಡಲಿನ ಕಥೆಗಾರನಿಗೆ ಕಡಲು ದೂರವಾಯಿತು.

ಆದರೂ ಅವನು ಕೈಕಟ್ಟಿ ಕೂರಲಿಲ್ಲ. 1888ರಲ್ಲಿ ಅಮಿಯನ್ಸ್ ಪುರಸಭೆಗೆ ಆಯ್ಕೆಯಾಗಿ ಹದಿನೈದು ವರ್ಷ ಶಾಲೆ, ರಂಗಮಂದಿರ ಮುಂತಾದ ಊರಿನ ಕಾರ್ಯಗಳಲ್ಲಿ ಶ್ರಮಿಸಿದನು. 1889ರಲ್ಲಿ ನೆಲ್ಲಿ ಬ್ಲೈ ಎಂಬ ಅಮೆರಿಕದ ಪತ್ರಕರ್ತೆ ಫಾಗ್‌ನ ದಾಖಲೆಯನ್ನು ಮುರಿಯಲು ಹೊರಟು, ದಾರಿಯಲ್ಲಿ ಅವನನ್ನು ಕಂಡು ಮಾತನಾಡಿಸಿದಳು. 72 ದಿನಗಳಲ್ಲಿ ಅವಳು ಲೋಕವನ್ನು ಸುತ್ತಿದಳು. ಕಣ್ಣಿಗೆ ಪೊರೆ, ದೇಹಕ್ಕೆ ಮಧುಮೇಹ. ಹೀಗಿದ್ದರೂ ಮುಂಜಾನೆ ಐದಕ್ಕೆದ್ದು ಬರೆಯುವ ನೇಮವನ್ನು ಅವನು ಪಾಲಿಸುತ್ತ ಬಂದನು. 1905ರ ಮಾರ್ಚ್ 24ರಂದು ಅಮಿಯನ್ಸ್‌ನಲ್ಲಿ ದೇಹತ್ಯಾಗ ಮಾಡಿದನು. ಉಳಿದ ಹಸ್ತಪ್ರತಿಗಳನ್ನು ಮಗ ಮಿಷೆಲ್ ತಿದ್ದಿ, ಬೆಳೆಸಿ ಪ್ರಕಟಿಸಿದನು. ಮೂಲಪಾಠಗಳು ವಿದ್ವಾಂಸರ ಪ್ರಯತ್ನದಿಂದ ಹೊರಬರಲು 1980ರ ದಶಕದವರೆಗೆ ಕಾಯಬೇಕಾಯಿತು.

ಫ್ರೆಂಚ್ ಅಕಾಡೆಮಿಯ ಪೀಠ ಅವನಿಗೆ ದೊರೆಯಲಿಲ್ಲ. ಮಕ್ಕಳ ಲೇಖಕನೆಂಬ ಹಣೆಪಟ್ಟಿಯೇ ಅದಕ್ಕೆ ಅಡ್ಡಿಯಾಯಿತು. ಆದರೆ ಯುನೆಸ್ಕೋ ಸಂಸ್ಥೆಯ ಅನುವಾದಸೂಚಿಯಲ್ಲಿ ಅಗಾಥಾ ಕ್ರಿಸ್ಟಿಯ ಅನಂತರ ಅವನ ಹೆಸರೇ ಬರುತ್ತದೆ. ಪ್ರಕಾಶಕನು ತಿದ್ದಿದನು, ಅನುವಾದಕರು ಕತ್ತರಿಸಿದರು, ಮಗನು ಬೆಳೆಸಿದನು, ಚಿತ್ರರಂಗವು ತಲೆಕೆಳಗು ಮಾಡಿತು. ಇಷ್ಟಾದರೂ ಕಥೆ ಉಳಿದಿದೆ. ಚಿತ್ರವನ್ನು ನೋಡಿ ನಕ್ಕ ಮಗುವನ್ನು ಗದರಿಸಬೇಕಾಗಿಲ್ಲ. ಆ ನಗು ಆರುವ ಮೊದಲೇ ಶಾಲೆಯ ಗ್ರಂಥಾಲಯದಲ್ಲಿ ಅದರ ಕೈಗೆ ಕತ್ತರಿಸದ ಮೂಲಕಥೆ ಸಿಗುವಂತಿರಬೇಕು. ಅದನ್ನು ಒದಗಿಸುವುದು ಅಧ್ಯಾಪಕರ ಮತ್ತು ವಿದ್ಯಾಭಿಮಾನಿಗಳಾದ ದಾನಿಗಳ ಕೈಯಲ್ಲಿದೆ. ಔದಾಳನ್ನೂ, ನೀಮೋವಿನ ಸ್ವದೇಶವನ್ನೂ ನಮ್ಮ ಮಕ್ಕಳು ಕಾಣುವುದು ಅಲ್ಲಿಯೇ.