ಕಾರ್ಯಪ್ಪನವರು: ಸೇನಾನಿ ಮತ್ತು ತಂದೆ

ನಂಜನಗೂಡು, ತಿ. ನರಸೀಪುರ ಸೀಮೆಯ ನಮ್ಮ ಕುಟುಂಬಗಳಿಗೆ ಕೊಡಗು ದೂರದ ನಾಡಲ್ಲ. ಅಲ್ಲಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರನ್ನು ನಾವು ಸೇನಾನಿಯಾಗಿ ಬಲ್ಲೆವು. ತಂದೆಯಾಗಿಯೂ ಸ್ಮರಿಸುವುದು ಉಚಿತ.

1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಭೂಸೇನೆಯ ನೇತೃತ್ವ ವಹಿಸಿಕೊಂಡ ಪ್ರಥಮ ಭಾರತೀಯರು ಅವರು. ಆ ದಿನವೇ ಇಂದಿಗೂ ಸೇನಾ ದಿನ. 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್ ಆಗಿ ಸೇವೆ ಸಲ್ಲಿಸಿ, ಬಳಿಕ ಮಡಿಕೇರಿಯಲ್ಲಿ ನೆಲೆಸಿದರು.

1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಪುತ್ರ ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಡಲು ಮುಂದಾದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಪ್ರತಿಯೊಬ್ಬ ಯೋಧನೂ ತಮಗೆ ಮಗನೇ, ತಮ್ಮವನಿಗೆ ವಿಶೇಷ ರಿಯಾಯಿತಿ ಬೇಡವೆಂದರು. ಪುತ್ರ ಮರಳಿದ್ದು 1966ರಲ್ಲಿ.

ಇದು ಮಮತೆಯ ಕೊರತೆಯೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ನ್ಯಾಯವು ಮಮತೆಯನ್ನು ಅಳಿಸದು, ವಿಸ್ತರಿಸುತ್ತದೆ. ಮಗನ ಸೀಟಿಗಾಗಿ, ನೌಕರಿಗಾಗಿ ಶಿಫಾರಸು ಹುಡುಕುವ ನಾವು, ಸಾಲಿನಲ್ಲಿ ಹಿಂದೆ ನಿಂತ ಮಗುವಿಗೂ ತಂದೆಯಿದ್ದಾನೆಂಬುದನ್ನು ಮರೆಯುತ್ತೇವೆ.

1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಅವರು 1993ರ ಮೇ 15ರಂದು ಅಗಲಿದರು. ಅವರ ಪದವಿ ಅಪರೂಪದ್ದು. ಆ ಪಿತೃಹೃದಯವಾದರೋ ನಮ್ಮ ಪ್ರತಿ ಮನೆಗೂ ಸಾಧ್ಯವಾದುದು.