ಪಂಚಾಕ್ಷರಿ ಗವಾಯಿಗಳು: ಕಣ್ಣಿಲ್ಲದವರು ಕಲಿಸಿದ ಪಾಠ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗುರುಪಾದಯ್ಯ-ನೀಲಮ್ಮ ದಂಪತಿಗಳ ಉದರದಲ್ಲಿ ಜನಿಸಿದ ಗದಿಗೆಯ್ಯನು ಹುಟ್ಟುಗುರುಡನಾಗಿದ್ದನು. ಬಡವರ ಮನೆಯ ಕುರುಡು ಕೂಸಿಗೆ ಅಂದು ಭಿಕ್ಷೆಯ ಜೋಳಿಗೆಯಲ್ಲದೆ ಅನ್ಯ ಗತಿಯಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಬಾಲಕನ ಕಂಠಮಾಧುರ್ಯಕ್ಕೆ ಮನಸೋತು ಅವನ ಶಿಕ್ಷಣದ ಭಾರವನ್ನು ವಹಿಸಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ ನಾಡಿಗೆ ಪರಿಚಿತನಾದನು.

ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳು ಅದನ್ನು ತಮ್ಮ ಸುಖಕ್ಕಾಗಿ ಮಾರಿಕೊಳ್ಳಲಿಲ್ಲ. ಕುರುಡ ಹಾಗೂ ಅನಾಥ ಬಾಲಕರನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಅವರ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ನಡೆಸಿದರು. ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ಅವರ ಶಿಷ್ಯರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ತರುವಾಯ, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ದೇವಗಿರಿಯ ಪುಟ್ಟರಾಜ ಗವಾಯಿಗಳು 2010ರ ವರೆಗೆ ಆಶ್ರಮವನ್ನು ಸಲಹಿದರು.

ಇಂಥ ಪುರುಷರನ್ನು ಕೊಂಡಾಡುವದು ಸುಲಭ. ಆದರೆ ಕುರುಡರೆಲ್ಲರಿಗೂ ಇಂಥ ಗುರು ದೊರೆಯುವದಿಲ್ಲ. ಹುಟ್ಟುಗುರುಡುತನವನ್ನು ತಡೆಯುವದು ಅನೇಕ ವೇಳೆ ನಮ್ಮ ಕೈಯೊಳಗಿಲ್ಲವಾದರೂ, ಕಾಣುವ ಕಣ್ಣು ಕೆಡದಂತೆ ಕಾಯುವದು ಬಹುಮಟ್ಟಿಗೆ ನಮ್ಮದೇ ಕೆಲಸ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಅತಿ ಸೂಕ್ಷ್ಮವಾದುದು. ಅದರಲ್ಲಿ ರಕ್ತನಾಳಗಳೇ ಇಲ್ಲ. ಕಣ್ಣೀರಿನ ಪೊರೆಯ ಮೂಲಕ ಗಾಳಿಯಿಂದಲೇ ಅದು ಪ್ರಾಣವಾಯುವನ್ನು ಪಡೆಯುತ್ತದೆ. ಲೋಳೆ, ನೀರು, ಎಣ್ಣೆಯಂಶಗಳಿಂದಾದ ಈ ಪೊರೆಯನ್ನು ಪ್ರತಿಯೊಂದು ರೆಪ್ಪೆಬಡಿತವೂ ಹೊಸದಾಗಿ ಸವರುತ್ತದೆ. ರೋಗಾಣುಗಳನ್ನು ಕೊಲ್ಲುವ ದ್ರವ್ಯವೂ ಕಣ್ಣೀರಿನಲ್ಲಿಯೇ ಉಂಟು.

ಹಿಂದೆ ಸಿಡುಬು ಈ ಪಟಲದ ಮೇಲೆ ಹೂವು ಬೀಳಿಸಿ ಅಸಂಖ್ಯ ಮಕ್ಕಳ ದೃಷ್ಟಿಯನ್ನು ಕಸಿಯಿತು. ಆ ಮಾರಿ 1977ರಲ್ಲಿ ಭಾರತದಿಂದ ತೊಲಗಿತೆಂದು ಘೋಷಿತವಾಯಿತು. ಟ್ರಕೋಮಾ ರೋಗವು ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಆದರೆ ಎ ಜೀವಸತ್ವದ ಕೊರತೆಯೂ ದಡಾರವೂ ಪೂರ್ಣವಾಗಿ ಹೋಗಿಲ್ಲ. ಇರುಳುಗಣ್ಣು ಆ ಕೊರತೆಯ ಮೊದಲ ಎಚ್ಚರಿಕೆ. ಅಲಕ್ಷಿಸಿದರೆ ಕಣ್ಣಿನ ಮೇಲ್ಮೈ ಒಣಗಿ, ಪಟಲವು ಕರಗಿ ಹೋಗುವದು. ನುಗ್ಗೆಸೊಪ್ಪು, ಗಜ್ಜರಿ, ಹಾಲು, ತತ್ತಿ ಇದಕ್ಕೆ ಮದ್ದು. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದ ವರೆಗೆ ಸರಕಾರವು ಕೊಡುವ ಎ ಜೀವಸತ್ವದ ದ್ರವವನ್ನು ಯಾವ ತಾಯಿಯೂ ತಪ್ಪಿಸಲಾಗದು.

ಭತ್ತದ ಸೀಮೆಯಾದ ಹಾನಗಲ್ಲಿನಲ್ಲಿಯೂ, ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಒಕ್ಕಲುತನದ ಊರುಗಳಲ್ಲಿಯೂ ಇನ್ನೊಂದು ಅಪಾಯವುಂಟು. ರಾಶಿಯ ಕಾಲದಲ್ಲಿ ಹೊಟ್ಟು ಕಣ್ಣಿಗೆ ತಗುಲಿದರೆ ಗಾಯದೊಳಗೆ ಬೂಷ್ಟು ಬೆಳೆದು ಹುಣ್ಣಾಗಬಹುದು. ಆಗ ಕಣ್ಣನ್ನು ತಿಕ್ಕದೆ, ಸೊಪ್ಪಿನ ರಸ ಹಿಂಡದೆ, ಶುದ್ಧ ನೀರಿನಿಂದ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕುರುಡು ಮಕ್ಕಳಿಗೆ ಗವಾಯಿಗಳು ಬಾಳು ಕೊಟ್ಟರು. ತಡೆಯಬಹುದಾದ ಕುರುಡಿನಿಂದ ಒಂದು ಮಗುವಾದರೂ ಪಾರಾಗುವಂತೆ ನೋಡಿಕೊಳ್ಳುವದೇ ನಾಗರಿಕರೂ ಅಧಿಕಾರಿಗಳೂ ಅವರಿಗೆ ಸಲ್ಲಿಸಬೇಕಾದ ನಿಜವಾದ ಗೌರವ.